ಪೇಶ್ಕಾರ್ ಬೀಯ ಅಂಗುಸ್ತಾನ

ಟಕ್.

ಒಂದೇ ಸಲ ಕೇಳಿಸಿದರೆ ಹೌದು. ಟಕ್ ಟಕ್ ಅಂದರೆ ಅಲ್ಲ, ಆಗುವುದಿಲ್ಲ, ತಿರುಗಿ ಹೋಗಿ ಮತ್ತೆ ಬಾ, ನಿನಗೆ ಬುದ್ಧಿ ಇದೆಯೇ, ಎಲ್ಲವೂ ಅದರಲ್ಲೇ ಬಂತು.

ಗಂಗಾವತಿಯ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದದ್ದು ಈ ಸಪ್ಪಳದಿಂದ. ಹೊಲಿಯುವವರು ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಿತ್ತಾಳೆಯ ಟೊಪ್ಪಿಗೆ ಹಾಕಿಕೊಳ್ಳುತ್ತಾರಲ್ಲ, ಅದು ಅಂಗುಸ್ತಾನ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಥಿಂಬಲ್ ಅನ್ನುತ್ತಿದ್ದರು. ಅದನ್ನು ಬಾಗಿಲ ಚೌಕಟ್ಟಿಗೆ ಬಡಿದರೆ ಬರುವ ಸಪ್ಪಳ ಅದು. ಈಗಲೂ ಬಸ್ಸಿನಲ್ಲಿ ಯಾರಾದರೂ ಉಂಗುರದ ಬೆರಳಿನಿಂದ ಕಂಬಿ ಬಡಿದರೆ ಈ ಮುದುಕಿಯ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಪೋಶ್ಚರ್! ಅದನ್ನು ನನಗೆ ಕಲಿಸಿದ್ದು ಕಾನ್ವೆಂಟ್ ಅಂತ ಎಲ್ಲರೂ ತಿಳಿದಿದ್ದಾರೆ. ನಾನೂ ಬಿಡಿಸಿ ಹೇಳಲು ಹೋಗಿಲ್ಲ.

ಅವರ ಹೆಸರು ಖುರ್ಷೀದ್ ಬೀ. ಗಂಡ ತಹಸೀಲ್ ಕಚೇರಿಯಲ್ಲಿ ಕಾಗದಪತ್ರ ಮಂಡಿಸುವ ಪೇಶ್ಕಾರರಾಗಿದ್ದು ತೀರಿಕೊಂಡಿದ್ದರಿಂದ ಓಣಿಗೆಲ್ಲ ಅವರು ಪೇಶ್ಕಾರ್ ಬೀ. ಮದುವೆಯಾಗಿ ಆ ಮನೆಯ ಒಳಗೆ ಬಂದವರು ಮತ್ತೆ ಹೊಸ್ತಿಲು ದಾಟಿರಲಿಲ್ಲ. ಗೋಷಾ. ಮುಖವಷ್ಟೇ ಅಲ್ಲ, ಅವರ ದನಿಯೂ ಪರಗಂಡಸರ ಕಿವಿಗೆ ಬೀಳುವಂತಿರಲಿಲ್ಲ. ಮನೆಯ ಮುಂಭಾಗದಲ್ಲಿ ಮೈದುನ ಹಮೀದ್ ಸಾಹೇಬರ ಸಂಸಾರ, ಅವರ ಭತ್ತದ ವ್ಯಾಪಾರ. ಹಿಂಭಾಗದಲ್ಲಿ ಬೀ, ಮತ್ತು ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅವರ ಅತ್ತೆ. ಹಿಂಭಾಗಕ್ಕೂ ಓಣಿಗೆ ತೆರೆಯುವ ಒಂದು ಬಾಗಿಲಿತ್ತು. ಅದಕ್ಕೊಂದು ಗೋಣಿಯ ಪರದೆ.

ಆ ಪರದೆಯ ಮುಂದೆ ಬೆಳಗಾದರೆ ಒಬ್ಬನೋ ಇಬ್ಬರೋ ಯುವಕರು ನಿಂತಿರುತ್ತಿದ್ದರು. ಆಗ ನಮ್ಮದು ನಿಜಾಮರ ಸೀಮೆ. ಧೋತರ, ರುಮಾಲಿನಲ್ಲಿ ಕಚೇರಿಯ ಮೆಟ್ಟಿಲು ಹತ್ತಿದರೆ ಜವಾನನೇ ಇಳಿಸಿ ಕಳಿಸುತ್ತಿದ್ದ. ಮೈಗೆ ಶೇರವಾನಿ ಬೇಕು, ತಲೆಗೆ ಟೋಪಿ ಬೇಕು. ಹಿಡಿ ಜೋಳಕ್ಕೆ ಕಷ್ಟವಿದ್ದ ಮನೆಯ ಹುಡುಗ ಉರ್ದು ಪರೀಕ್ಷೆ ಪಾಸು ಮಾಡಿದರೂ ಶೇರವಾನಿ ಎಲ್ಲಿಂದ ತಂದಾನು? ಪೇಶ್ಕಾರರು ಬದುಕಿದ್ದಾಗ ಭಾರೀ ಶೋಕಿ ಮನುಷ್ಯ. ಒಂದು ಟ್ರಂಕು ತುಂಬ ಶೇರವಾನಿ ಬಿಟ್ಟುಹೋಗಿದ್ದರು. ಬೀ ಅವುಗಳನ್ನು ಬಿಚ್ಚಿ, ಕಿರಿದು ಮಾಡಿ, ಹಿಗ್ಗಿಸಿ, ಬಂದವನ ಮೈಗೆ ಹೊಂದಿಸಿ ಕೊಡುತ್ತಿದ್ದರು. ಲಿಂಗಾಯತರ ಹುಡುಗ, ಬ್ಯಾಡರವ, ಮುಸಲರವ ಅಂತ ಯಾರನ್ನೂ ಕೇಳುತ್ತಿರಲಿಲ್ಲ. ನೌಕರಿ ಸಿಕ್ಕು ಸ್ವಂತದ್ದು ಹೊಲಿಸಿಕೊಂಡ ಮೇಲೆ ಒಗೆದು, ಇಸ್ತ್ರಿ ಮಾಡಿ, ತನ್ನ ಕೈಯಾರೆ ಒಂದು ಗುಂಡಿ ಹೊಲಿದು ವಾಪಸು ತರಬೇಕು. ಅಷ್ಟೇ ಕರಾರು. ಹಾಗಾಗಿ ಆ ಶೇರವಾನಿಗಳ ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ಹೋಲಿಕೆಯೇ ಇರುತ್ತಿರಲಿಲ್ಲ.

ಪರಗಂಡಸಿನ ಅಳತೆ ಹೇಗೆ ತೆಗೆಯುವುದು? ಬಾಗಿಲು ಮೂಡಣಕ್ಕೆ. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಪರದೆಗೆ ತಾಗಿದಂತೆ ನಿಂತರೆ ಅವನ ನೆರಳು ಗೋಣಿಯ ಮೇಲೆ ಬೀಳುತ್ತಿತ್ತು. ಬೀ ಒಳಗಿನಿಂದ ಸುಣ್ಣದ ಕಡ್ಡಿಯಲ್ಲಿ ಆ ಹೆಗಲು, ತೋಳು, ಸೊಂಟದ ಗೆರೆ ಎಳೆದುಕೊಳ್ಳುತ್ತಿದ್ದರು. ಹಳೆಯ ಗೆರೆ ಅಳಿಸುತ್ತಿರಲಿಲ್ಲ. ಒಬ್ಬರ ಮೇಲೊಬ್ಬರ ಹೆಗಲು ಏರಿ ಏರಿ ಆ ಪರದೆಯ ಒಳಮೈ ಜಾತ್ರೆಯಾಗಿತ್ತು.

ನಾನು ಆ ಪರದೆಯ ಒಳಗೆ ಬಂದದ್ದು ಹೀಗೆ. ಅಪ್ಪ ಇರುವವರೆಗೆ ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿದ್ದೆ. ಬಿಳಿ ಫ್ರಾಕು, ಮಾರ್ನಿಂಗ್ ಪ್ರೇಯರ್, ಪಿಯಾನೋ. ಅಪ್ಪ ಹೋದ ಮೇಲೆ ದೊಡ್ಡಪ್ಪ ಬಂದು ಗಂಗಾವತಿಗೆ ಕರೆತಂದರು. ನನ್ನ ಟ್ರಂಕು ಅಟ್ಟಕ್ಕೆ ಹೋಯಿತು, ನಾನು ಅಡಿಗೆಮನೆಗೆ. ಕುಷ್ಟಗಿಯಲ್ಲಿ ಹೆಂಡತಿ ಸತ್ತ ಅಂಗಡಿಕಾರನೊಬ್ಬ ಇದ್ದಾನೆ, ವಯಸ್ಸು ಸ್ವಲ್ಪ ಆಗಿದೆ, ಆದರೇನು ಎಂಬ ಮಾತು ಊಟದ ಹೊತ್ತಿನಲ್ಲಿ ನನ್ನ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ನಾನು ಗೋಷಾದವಳಲ್ಲ. ಆದರೂ ನಾನು ಹೋಗಬಹುದಾಗಿದ್ದ ದೂರವೆಂದರೆ ಹಿತ್ತಲ ಗೋಡೆ. ಆ ಗೋಡೆಯ ಆಚೆ ಬೀ.

ಒಂದು ದಿನ ಗೋಡೆಯ ಮೇಲೆ ಮೊಣಕೈ ಊರಿ ನಿಂತವಳನ್ನು ಕಂಡು ಕೇಳಿದರು. "ಬಳ್ಳಾರಿ ಕಾನ್ವೆಂಟ್ ಅಂದ್ರ ನೀನ ಏನು?"

"ಹೌದ್ರಿ."

"ದನಿ ಛಲೋ ಐತಿ. ಇಳದು ಬಾ. ನನಗೊಂದು ದನಿ ಬೇಕಾಗೇದ."

ಹಾಗೆ ನಾನು ಅವರ ದನಿಯಾದೆ. ಬೀ ಪಿಸುಗುಡುವರು, ನಾನು ಪರದೆಯ ಒಳಗಿನಿಂದ ಗಟ್ಟಿಯಾಗಿ ಹೇಳುವೆ. ದೊಡ್ಡಮ್ಮ ಬೇಡವೆನ್ನಲಿಲ್ಲ. ಕಾನ್ವೆಂಟಿಗೆ ಹೋದವಳ ದನಿ ಹೇಗೂ ಕೆಟ್ಟುಹೋಗಿದೆ, ಇನ್ನು ಕೆಡುವುದೇನಿದೆ ಅಂತ ಅವರ ಒಪಿನಿಯನ್. ಬೀ ಮಾತ್ರ ಕೊನೆಯವರೆಗೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. "ಏ ಕಾನ್ವೆಂಟ್" ಅಂದರೆ ನಾನು.

ಬಟ್ಟೆ ಕೊಟ್ಟು ಕಳಿಸಿಬಿಟ್ಟರೆ ಕೆಲಸ ಮುಗಿಯಿತು ಅನ್ನುವ ಜಾತಿಯಲ್ಲ ಅವರು. ಶೇರವಾನಿ ತೊಟ್ಟವನು ಓಣಿಯ ತುದಿಯ ಬೇವಿನ ಗಿಡದಿಂದ ಪರದೆಯ ತನಕ ನಡೆದು ಬರಬೇಕು. ಬೀ ನೋಡುವಂತಿಲ್ಲವಲ್ಲ, ಕಣ್ಣು ಮುಚ್ಚಿ ಕೇಳುತ್ತಿದ್ದರು.

ನವಲಿಯ ಬಸಪ್ಪ ಅಂತ ಒಬ್ಬನಿದ್ದ. ಕೂಲಿಯವರ ಮಗ, ಯಲಬುರ್ಗಿಯ ಕಚೇರಿಯಲ್ಲಿ ನಕಲು ಬರೆಯುವ ಜಾಗಕ್ಕೆ ಹೊರಟಿದ್ದ. ಗಿಡದಿಂದ ಬಂದು ನಿಂತ. ಟಕ್ ಟಕ್. ಮತ್ತೆ ಹೋಗಿ ಬಂದ. ಟಕ್ ಟಕ್. ಬೆವರು ಸುರಿಯಿತು.

"ಯಾಕ್ರೀ, ಏನ್ ತಪ್ಪಾಗೇದ?" ಅಂದ.

ಬೀ ನನ್ನ ಕಿವಿಯಲ್ಲಿ ಉಸುರಿದರು. ನಾನು ಕೂಗಿದೆ. "ನಿನ್ನ ಕಾಲು ಭಿಕ್ಷಾ ಬೇಡಾಕ ಬಂದಂಗ ಸಪ್ಪಳ ಮಾಡತಾವಂತ. ಕೆಲಸಾ ಮಾಡಾಕ ಬಂದಂಗ ಬರಬೇಕಂತ."

"ಬೀ, ಯಲಬುರ್ಗ್ಯಾಗ ನೌಕರಿ ಕೊಡೋರು ಅವರೋ ನೀವೋ? ಅವರು ಇಷ್ಟು ಅಡ್ಡಾಡಸಂಗಿಲ್ಲ!"

ಟಕ್ ಟಕ್. ಎದುರುಮನೆಯ ಕಟ್ಟೆಯವರೆಲ್ಲ ಬಿದ್ದು ಬಿದ್ದು ನಕ್ಕರು. "ಹೋಗಪ್ಪಾ, ಗಿಡಾ ಕಾಯ್ಕೋತ ನಿಂತೈತಿ," ಅಂದರು.

ಆಮೇಲೆ ಪಾಠ. ಕುರ್ಚಿ ತೋರಿಸಿದ ಕೂಡಲೇ ಕೂರಬಾರದು, ಇನ್ನೊಮ್ಮೆ ಅಂದಾಗ ಕೂರಬೇಕು. ಬೆಳ್ಳುಳ್ಳಿ ತಿಂದು ಹೋಗಬಾರದು. ಸಾಹೇಬನ ಕಣ್ಣಲ್ಲಿ ಕಣ್ಣಿಟ್ಟರೆ ಸೊಕ್ಕು, ನೆಲ ನೋಡಿದರೆ ಕಳ್ಳತನ. ಅವನ ಎದೆಯ ಗುಂಡಿ ನೋಡಿ ಮಾತಾಡಬೇಕು. ಬಸಪ್ಪ ಇದನ್ನು ಎಷ್ಟು ಭಕ್ತಿಯಿಂದ ಪಾಲಿಸಿದನೆಂದರೆ, ಅಲ್ಲಿ ಹೋಗಿ ರೆಪ್ಪೆ ಬಡಿಯದೆ ಸಾಹೇಬರ ಗುಂಡಿಯನ್ನೇ ನೋಡುತ್ತ ನಿಂತ. ಸಾಹೇಬರು ಗುಂಡಿ ಮುಟ್ಟಿ ನೋಡಿಕೊಂಡರಂತೆ. ಇವನು ದೃಷ್ಟಿ ಕದಲಿಸಲಿಲ್ಲ. ಬಿಚ್ಚಿ ಮತ್ತೆ ಹಾಕಿಕೊಂಡರಂತೆ. ಕೊನೆಗೆ ಮುಜುಗರ ತಾಳಲಾರದೆ ಒಂದೂ ಪ್ರಶ್ನೆ ಕೇಳದೆ, "ಹ್ಞಾಂ, ನಾಳಿಯಿಂದ ಬಾ," ಅಂದುಬಿಟ್ಟರು. ಶೇರವಾನಿ ವಾಪಸು ತಂದವನು ಇದನ್ನು ಹೇಳುವಾಗ ಬೀ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನಗುವೂ ಹೊರಗೆ ಕೇಳಬಾರದಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಚೌಕಟ್ಟಿಗೆ ಒಂದೇ ಒಂದು ಟಕ್.

ಹೀಗೆ ಬಂದು ಹೋಗುವವರನ್ನು ಕಂಡು ಉರಿಯುತ್ತಿದ್ದವರು ಹಮೀದ್ ಸಾಹೇಬರು. "ಭಾಭೀ, ಖಾಂದಾನಿ ಮನಿ ಬಾಗಲಾಗ ಇದೇನ್ ಸಂತಿ? ನಿಲ್ಲಸ್ರಿ," ಅಂತ ವಾರಕ್ಕೊಮ್ಮೆಯಾದರೂ ಒಳಗೆ ಬಂದು ಹೇಳುವರು. ಬೀ ತಲೆ ತಗ್ಗಿಸಿ ಕೇಳುವರು. ಮರುದಿನ ಬೆಳಿಗ್ಗೆ ಮತ್ತೆ ಟಕ್.

ಎರಡನೇ ಮಹಾಯುದ್ಧ ನಡೆದಿತ್ತು. ಬಟ್ಟೆಗೆ ಕಂಟ್ರೋಲು. ಆ ಬೇಸಿಗೆಯಲ್ಲಿ ಕೊಪ್ಪಳದ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಬಲ್ಲ ಟೀಚರ್ ಬೇಕು, ಇನ್ಸ್‌ಪೆಕ್ಟ್ರೆಸ್ ತಾವೇ ಬಂದು ಆರಿಸುತ್ತಾರೆ ಎಂಬ ಸುದ್ದಿ ತಂದವನು ಅದೇ ಬಸಪ್ಪ. ಪರದೆಯ ಹೊರಗಿನಿಂದ ಹೇಳಿದ. ನನ್ನ ಎದೆ ಹೊಡೆದುಕೊಂಡದ್ದು ಬೀಗೂ ಕೇಳಿಸಿರಬೇಕು. ಕುಷ್ಟಗಿಯ ಮಾತು ಅಷ್ಟರಲ್ಲಿ ಎಲೆ ಅಡಿಕೆಯ ಹಂತಕ್ಕೆ ಬಂದಿತ್ತು. ಇದೊಂದು ಬಾಗಿಲು ಮುಚ್ಚಿದರೆ ನನಗೆ ಇನ್ನೊಂದು ಇರಲಿಲ್ಲ.

ದೊಡ್ಡಪ್ಪನನ್ನು ನಾನೇ ಕೇಳಿದೆ. ಸಂಬಳದ ಮಾತು ಕೇಳಿ ಅವರು ಮೀಸೆ ತಿರುವಿ, "ನೋಡೋಣು, ಹೋಗಿ ಬಂದ್ರ ಏನ್ ಹೋಗೂದೈತಿ," ಅಂದರು. ಆದರೆ ಉಟ್ಟು ಹೋಗುವುದೇನು? ಕಾನ್ವೆಂಟಿನ ಫ್ರಾಕು ಮೊಣಕಾಲ ಮೇಲೆ ಏರಿತ್ತು. ದೊಡ್ಡಮ್ಮನ ಇಳಕಲ್ ಸೀರೆ, ಮೋಟು ತೋಳಿನ ಕುಪ್ಪಸ ತೊಟ್ಟು ಬೀ ಮುಂದೆ ನಿಂತೆ.

"ಫ್ರಾಕ್ ಹಾಕ್ಕೊಂಡು ಹೋದ್ರ ಬಿಳೇ ಮಡಮ್ಮ ಅಂತಾರ. ಇದನ್ನ ಉಟಗೊಂಡು ಹೋದ್ರ ಸಂತಿಗೆ ಬಂದಾಳ ಅಂತಾರ," ಅಂದರು. "ಗಂಡಸೂರಿಗೆ ಕಚೇರಿಗಿ ಹೋಗೋ ಅರಿವಿ ಅಂತ ಒಂದು ಐತಿ. ಹೆಂಗಸೂರಿಗೆ ಅಂಥಾದ್ದು ಯಾರೂ ಹೊಲದಽ ಇಲ್ಲ ನೋಡು."

ಟ್ರಂಕಿನ ತಳದಿಂದ ಒಂದು ಗಂಟು ತೆಗೆದರು. ಕಪ್ಪು ಆಲ್ಪಾಕಾ ಉಣ್ಣೆಯ ಶೇರವಾನಿ. ಪೇಶ್ಕಾರರು ಮದುವೆಗೆ ಹೊಲಿಸಿದ್ದು. ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ನಾನೂ ಅದುವರೆಗೆ ಕಂಡಿರಲಿಲ್ಲ. ಕತ್ತರಿ ಹಿಡಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಬೀ, ಬ್ಯಾಡ್ರಿ, ಪ್ಲೀಸ್," ಅಂದೆ.

"ಖಾಮೋಷ್. ಅವರೇನ್ ಈಗ ನೌಕರಿ ಕೇಳಾಕ ಹೋಗ್ತಾರೇನು?"

ಕರ್ರ್ ಎಂದು ಕತ್ತರಿ ಬೆನ್ನಿನ ನಡುವೆ ಇಳಿಯಿತು. ಮುಚ್ಚಿದ ಕೊರಳು, ಮಣಿಕಟ್ಟಿನ ತನಕ ತೋಳು. ಆ ಥರದ ಜಾಕೀಟನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕೊರಳಿಗೆ ಮಾತ್ರ ನವಲಿಯ ಬಸಪ್ಪ ಹೊಲಿದಿದ್ದ ಗುಂಡಿಯನ್ನು ಬಿಚ್ಚಿ ತಂದು ಹಚ್ಚಿದರು. "ಇದು ಒಮ್ಮಿ ಗೆದ್ದು ಬಂದೈತಿ." ಮತ್ತೆ ನನ್ನನ್ನು ಹಿತ್ತಲಿನ ಬಾವಿಯಿಂದ ಅಡಿಗೆಮನೆಯ ತನಕ ಎಷ್ಟು ಸಲ ನಡೆಸಿದರೋ. ಟಕ್ ಟಕ್. ಟಕ್ ಟಕ್. ಬಸಪ್ಪನ ಸಿಟ್ಟು ನನಗೆ ಆಗ ಅರ್ಥವಾಯಿತು.

ಕೊಪ್ಪಳದಲ್ಲಿ ಇನ್ಸ್‌ಪೆಕ್ಟ್ರೆಸ್ ನನ್ನ ಇಂಗ್ಲಿಷ್ ಕೇಳಿದರು, ಬೀಯಿಂದ ಕಲಿತ ಉರ್ದು ಕೇಳಿದರು, ತೋಳಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ವೆರಿ ನೀಟ್," ಅಂದರು. ನೌಕರಿ ನನಗೆ. ಆದರೆ ಒಂದು ಕಂಡೀಷನ್. ಮದುವೆಯಾಗದ ಹುಡುಗಿ ಶಾಲೆಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವಂತಿಲ್ಲ. ಹಿರಿಯ ಹೆಂಗಸೊಬ್ಬರು ಜೊತೆಯಲ್ಲಿ ವಾಸವಿರಬೇಕು. ಶಾಲೆ ತೆರೆಯುವ ದಿನ ಅವರನ್ನು ಕರೆದುಕೊಂಡು ಬಂದರೆ ಹುದ್ದೆ, ಇಲ್ಲದಿದ್ದರೆ ಬೇರೆಯವರಿಗೆ.

ದೊಡ್ಡಮ್ಮ, "ನಾ ಮನಿ ಬಿಟ್ಟು ಅಲ್ಲಿ ಯಾರ ಕೂಳು ಕುದಸಲಿ?" ಅಂದರು. ಉಳಿದ ಹೆಂಗಸರು ಗೋಡೆ ನೋಡಿದರು. ದೊಡ್ಡಪ್ಪ ಕುಷ್ಟಗಿಗೆ ಹೇಳಿ ಕಳಿಸುತ್ತೇನೆಂದರು. ನಾನು ಗೋಡೆ ಹತ್ತಿ ಇಳಿದು ಬೀ ಮುಂದೆ ಕೂತು ಅತ್ತೆ. ಅವರು ಹೊಲಿಯುತ್ತಲೇ ಇದ್ದರು.

"ಕ್ವಾರ್ಟರ್ಸಿಗೆ ಕಿಡಕಿ ಐತೇನು?"

"ಐತ್ರಿ."

"ಏನ್ ಕಾಣತೈತಿ?"

"ಗುಡ್ಡ ಕಾಣತೈತಿ. ಕ್ವಾಟಿ ಗುಡ್ಡ."

ಸೂಜಿ ನಿಂತಿತು. ಅಂಗುಸ್ತಾನದ ಬೆರಳು ಮೆಲ್ಲಗೆ ಚೌಕಟ್ಟಿನ ಕಡೆ ಹೋಯಿತು. ಟಕ್.

ದೊಡ್ಡಪ್ಪ ಮೊದಲು ಮುಖ ಹುಳಿ ಮಾಡಿದರೂ, "ಒಲಿ ಬ್ಯಾರೆ ಇಟಗೊಂಡ್ರ ಆತು, ಪೇಶ್ಕಾರರ ಮನಿ ಅಂದ್ರ ಮರ್ಯಾದಸ್ತರು," ಅಂತ ಒಪ್ಪಿದರು. ಅತ್ತೆಯ ಆರೈಕೆ ತಾನು ಮಾಡುತ್ತೇನೆ ಅಂತ ಹಮೀದ್ ಸಾಹೇಬರ ಹೆಂಡತಿ ಮಾತು ಕೊಟ್ಟಳು. ಬೀ ಹೊಸ ಬುರ್ಖಾ ಹೊಲಿದುಕೊಂಡರು. "ಮಂಚ ಕಿಡಕಿ ಕಡೆ ಹಾಕು ಮತ್ತ," ಅಂತ ದಿನಕ್ಕೊಮ್ಮೆ ಹೇಳುತ್ತಿದ್ದರು. ಒಂದೇ ತಿಂಗಳಲ್ಲಿ ಅವರಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು.

ಹೊರಡುವ ಬೆಳಿಗ್ಗೆ ಗಾಡಿ ಹಿಂಬಾಗಿಲಿಗೆ ಬಂತು. ಗೋಷಾದವರು ಹತ್ತುವಾಗ ಬಾಗಿಲಿನಿಂದ ಗಾಡಿಯ ತನಕ ಎರಡೂ ಕಡೆ ಚಾದರ ಹಿಡಿಯುವ ಪದ್ಧತಿ. ಹಿಡಿದವರು ಮುಖ ಆಚೆ ತಿರುಗಿಸಿ ನಿಲ್ಲಬೇಕು. ಚಾದರಗಳು ಏರಿದವು. ನಾನು ಬೀಯನ್ನು ಕರೆಯಲು ಒಳಗೆ ಹೋದೆ.

ಬುರ್ಖಾ ತೊಟ್ಟು, ಮುಸುಕು ಮೇಲೆ ಮಾಡಿಕೊಂಡು ನಿಂತಿದ್ದರು. ಎದುರಿಗೆ ಹಮೀದ್ ಸಾಹೇಬರು, ಗೋಡೆಗೆ ಒರಗಿ.

"ನಾ ಬ್ಯಾಡ ಅಂದಿಲ್ಲ ಭಾಭೀ, ಹೋಗ್ರಿ. ನಮ್ಮಾಕಿ ನಿನ್ನೆ ಸಂಜೀಕ ಹುಲಿಹೈದರಕ ತವರಮನಿಗಿ ಹೋಗ್ಯಾಳ. ಯಾವಾಗ ಬರ್ತಾಳೋ. ಅಮ್ಮೀ ಬಾಯಿಗಿ ನೀರು ಬಿಡೋರು ಯಾರು ಅಂತ ಅಷ್ಟು ಹೇಳಿ ಹೋಗ್ರಿ."

ಒಳಕೋಣೆಯಿಂದ ಮುದುಕಿ ಕೆಮ್ಮಿದ ಸದ್ದು. ಹೊರಗೆ ಎತ್ತಿನ ಕೊರಳ ಗೆಜ್ಜೆ. ಬೀ ಅಲುಗಲಿಲ್ಲ. ಎರಡು ಸಪ್ಪಳಗಳ ನಡುವೆ ಅಷ್ಟು ಬಿಗಿಯಾಗಿ ಸಿಕ್ಕಿಬಿದ್ದ ಮನುಷ್ಯರನ್ನು ನಾನು ಮತ್ತೆ ನೋಡಿಲ್ಲ. ಆಮೇಲೆ ಬುರ್ಖಾ ಕಳಚಿ ಮಡಚಿ ನನ್ನ ಕೈಗೆ ಕೊಟ್ಟರು.

"ನನ್ನ ಮುಖಾ ಯಾರು ನೋಡ್ಯಾರ? ದನಿ ಯಾರು ಕೇಳ್ಯಾರ? ನಾ ಕೊಪ್ಪಳದಾಗ ಅದೇನಿ ಅಂದ್ರ ಅದೇನಿ." ಮೈದುನನ ಕಡೆ ತಿರುಗಿದರು. "ಹಮೀದ್ ಮಿಯಾ, ನಾ ಹೋದೆ ಅಂತ ಓಣಿ ತಿಳಕೊಳ್ಳಲಿ. ನೀವು ಬಾಯಿ ಬಿಡಬ್ಯಾಡ್ರಿ."

ಹಮೀದ್ ಸಾಹೇಬರು ಯೋಚಿಸಿದರು. ತುಟಿಯ ಅಂಚಿನಲ್ಲಿ ನಗು ಕಂಡಿತು. "ಆತು. ನೀವು ಇಲ್ಲಿಲ್ಲ ಅಂದ ಮ್ಯಾಲ ಬಾಗಲಾಗ ಟಕ್ ಟಕ್ ಇರಬಾರದು. ಒಬ್ಬಾಂವಗೂ ಒಂದು ಅಂಗಿ ಸೈತ ಹೋಗಬಾರದು. ಕಬೂಲ್?"

ಬೀ ಬೆರಳಿನಿಂದ ಅಂಗುಸ್ತಾನ ಎಳೆದು ತೆಗೆದು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಅದಿನ್ನೂ ಬೆಚ್ಚಗಿತ್ತು.

"ಬೆನ್ನು ನೆಟ್ಟಗ," ಅಂದರು.

ಚಾದರಗಳ ನಡುವೆ ನಾನೊಬ್ಬಳೇ ನಡೆದು ಗಾಡಿ ಹತ್ತಿದೆ. ಆಚೆ ಮುಖ ಮಾಡಿ ನಿಂತಿದ್ದ ದೊಡ್ಡಪ್ಪ ಕೇಳಿದರು. "ಬೀಬಿಯವರು ಹತ್ತಿದ್ರೇನು?"

ನಾನು ಅಂಗುಸ್ತಾನ ಬೆರಳಿಗೆ ಹಾಕಿ ಗಾಡಿಯ ಹಲಗೆಗೆ ಬಡಿದೆ. ಟಕ್.

"ಹ್ಞಾಂ, ನಡಿಯಪಾ," ಅಂದರು ದೊಡ್ಡಪ್ಪ.

ದಾರಿಯಲ್ಲಿ ಗಾಡಿಯವನು ಪರದೆಯ ಕೆಳಗಿಂದ ಎರಡು ಲೋಟ ನೀರು ಸರಿಸಿದ. ಎರಡನ್ನೂ ನಾನೇ ಕುಡಿದೆ. ಬುತ್ತಿ ಬಿಚ್ಚಿದಾಗ, "ಬೀಬಿಯವರಿಗಿ ಇನ್ನೊಂದು ರೊಟ್ಟಿ ಬೇಕೇನ್ರಿ?" ಅಂದ. ಟಕ್ ಟಕ್. ಅಳು ಬರುವಾಗ ನಗುವೂ ಬಂದುಬಿಡುತ್ತದೆ, ಸೋ ಸಿಲ್ಲಿ.

ಕೊಪ್ಪಳದಲ್ಲಿ ಮಂಚವನ್ನು ಕಿಟಕಿಯ ಕಡೆ ಹಾಕಿದೆ. ಗೂಟಕ್ಕೆ ಬುರ್ಖಾ ತೂಗುಹಾಕಿದೆ. ನಡುಬಾಗಿಲಿಗೆ ಪರದೆ ಕಟ್ಟಿದೆ. ಗೋಷಾದ ಹಿರಿಯರನ್ನು ತೋರಿಸಿ ಎಂದು ಯಾವ ಸಭ್ಯರೂ ಕೇಳುವುದಿಲ್ಲ. ಹೆಡ್‌ಮಿಸ್ಟ್ರೆಸ್ ಬಂದರೆ, "ಬೀಬಿಯವರು ಆರಾಮ ಅದಾರೇನು?" ಅಂತ ಹೊರಗಿನಿಂದಲೇ ವಿಚಾರಿಸುವರು. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗಿ, ಟಕ್. ಇನ್ಸ್‌ಪೆಕ್ಟ್ರೆಸ್ ಕೂಡ ಒಮ್ಮೆ ಬಂದರು. "ಎಷ್ಟು ರಿಫೈನ್ಡ್ ಲೇಡಿ! ಒಂದು ಮಾತಿಲ್ಲ," ಅಂತ ಮೆಚ್ಚಿಕೊಂಡು ಹೋದರು. ಸಂಜೆ ಗುಡ್ಡದ ಮೇಲೆ ಬಿಸಿಲು ಇಳಿಯುವಾಗ ನಾನು ಆ ಮಂಚದ ಮೇಲೆ ಕೂರುತ್ತಿರಲಿಲ್ಲ, ಕೆಳಗೆ ಚಾಪೆಯ ಮೇಲೆ ಕೂರುತ್ತಿದ್ದೆ.

ರಜೆಯಲ್ಲಿ ಗಂಗಾವತಿಗೆ ಹೋದೆ. ಬೀ ಕೊಪ್ಪಳದಲ್ಲೇ ಉಳಿದಿದ್ದಾರೆ ಅಂತ ಮನೆಯಲ್ಲಿ ಹೇಳಿದೆ. ಬೆಳಗಿನ ಕೆಲಸದಲ್ಲಿ ಎಲ್ಲರೂ ಮುಳುಗಿದ್ದಾಗ ಹಿತ್ತಲ ಗೋಡೆ ಇಳಿದೆ. ಜಾಕೀಟು ತೊಟ್ಟೇ ಹೋಗಿದ್ದೆ. ಕರಾರಿನಂತೆ ವಾಪಸು ಕೊಡಬೇಕಲ್ಲ.

ಬೀ ಬಾಗಿಲ ಬದಿಯ ತಮ್ಮ ಹಳೆಯ ಜಾಗದಲ್ಲೇ ಕೂತಿದ್ದರು. ಬಾಗಿಲಿಗೆ ಹೊಸ ಗೋಣಿ ಬಂದಿತ್ತು, ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಕೈಯಲ್ಲಿ ಹೊಲಿಗೆ ಇರಲಿಲ್ಲ. ಮೈ ಸೊರಗಿತ್ತು. ನನ್ನನ್ನು ಕಂಡು ಎರಡೂ ಕೈ ಚಾಚಿದರು. ಅವರ ದನಿ ಮೊದಲಿನ ಪಿಸುಮಾತಿಗಿಂತ ಸಣ್ಣದಾಗಿತ್ತು. ಈಗ ಹೆಂಗಸರ ಕಿವಿಗೂ ಬೀಳುವಂತಿರಲಿಲ್ಲವಲ್ಲ.

"ಗುಡ್ಡಾ ಹ್ಯಾಂಗೈತಿ?"

"ಐತ್ರಿ ಬೀ. ಸಂಜೀಕ ಕೆಂಪಗ ಆಗತೈತಿ."

"ನಾ ಅಲ್ಲಿ ಛಲೋ ಅದೇನೇನು?"

"ಭಾಳ ಛಲೋ ಅದೀರಿ. ಇನ್ಸ್‌ಪೆಕ್ಟ್ರೆಸ್ ಹೊಗಳಿ ಹೋದ್ರು."

ಸೆರಗು ಬಾಯಿಗೆ ಒತ್ತಿಕೊಂಡರು. ನಕ್ಕರೆಂದೇ ತಿಳಿದೆ. ನಾನು ಜಾಕೀಟು ಬಿಚ್ಚಲು ಗುಂಡಿಗೆ ಕೈ ಹಾಕಿದಾಗ ತಡೆದರು. "ಇಟ್ಟಕೋ. ಇಲ್ಲಿ ಇನ್ಯಾರು ಬರ್ತಾರ."

ಆಗಲೇ ಹೊರಗೆ ಹೆಜ್ಜೆ ಕೇಳಿಸಿದವು. ಹಿಂಜರಿಯುತ್ತ, ನೆಲ ಎಳೆಯುತ್ತ ಬಂದು ಪರದೆಯ ಮುಂದೆ ನಿಂತವು. ಹೊಸ ಗೋಣಿಯ ಮೇಲೆ ಬೆಳಗಿನ ನೆರಳು ಬಿತ್ತು. ತೆಳ್ಳನೆ ಹೆಗಲಿನ ಪ್ರಾಯದವನು.

"ಬೀ ಅವರೂ? ಕುಷ್ಟಗಿ ಕಚೇರ್ಯಾಗ ಜಾಗಾ ಖಾಲಿ ಆಗೇದ್ರಿ. ನಾಡದು ಕರದಾರ. ನೀವು ಊರಾಗಿಲ್ಲ ಅಂತಾರ... ಖರೇನ್ರಿ? ಯಾರರ ಅದೀರೇನ್ರಿ?"

ಬೀ ನನ್ನ ಕೈ ಒತ್ತಿ ಹಿಡಿದರು. ನಾನು ಪರ್ಸಿನಿಂದ ಅಂಗುಸ್ತಾನ ತೆಗೆದು ಅವರ ಮುಂದೆ ಹಿಡಿದೆ. ಅದನ್ನು ನೋಡಿದರು, ಒಳಕೋಣೆಯ ಕಡೆ ನೋಡಿದರು, ನನ್ನ ಜಾಕೀಟಿನ ಕೊರಳು ನೋಡಿದರು. ನನ್ನ ಮುಷ್ಟಿಯನ್ನು ಮೊದಲಿನಂತೆಯೇ ಮುಚ್ಚಿದರು. ಆದರೆ ಬರಿಯ ಬೆರಳು ತಾನಾಗಿ ಚೌಕಟ್ಟಿನ ಕಡೆ ಹೋಯಿತು. ಕೂದಲೆಳೆಯಷ್ಟು ದೂರದಲ್ಲಿ ನಿಂತಿತು.

ನೆರಳು ಸ್ವಲ್ಪ ಹೊತ್ತು ಇದ್ದು ಜಾರಿತು. ಹೆಜ್ಜೆಗಳು ದೂರವಾದವು.

"ಬೇಡಾಕ ಬಂದಂಗ ನಡೀತಾನ," ಬೀ ಉಸುರಿದರು. "ಹಿಂಗ ಹೋದ್ರ ಕೊಡಂಗಿಲ್ಲ ಅವರು."

ಆ ಹೆಜ್ಜೆಗಳು ಬೇವಿನ ಗಿಡದ ತನಕ ಹೋಗಿ ನಿಂತವು. ಅಲ್ಲಿಂದ ತಿರುಗಿ ಬರುವುದು ವಾಡಿಕೆ. ಬೀ ಕಣ್ಣು ಮುಚ್ಚಿ, ಬೆರಳನ್ನು ಹಾಗೆಯೇ ಎತ್ತಿ ಹಿಡಿದು, ಕಿವಿಗೊಟ್ಟು ಕೂತಿದ್ದರು. ದೊಡ್ಡಮ್ಮ ಗೋಡೆಯಾಚೆಯಿಂದ ನನ್ನ ಹೆಸರು ಹಿಡಿದು ಕೂಗಿದರು. ನಾನು ಎದ್ದೆ, ಗೋಡೆ ಹತ್ತಿ ಒಮ್ಮೆ ತಿರುಗಿ ನೋಡಿದೆ. ಬೀ ಇನ್ನೂ ಹಾಗೇ ಕೂತಿದ್ದರು, ಬೆರಳು ಇಳಿಸಿರಲಿಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.